ಎಡಕ್ಕೆ ಎಳೆಯುತ್ತಿದ್ದ ಪುಟ್ಟ ಗಾಡಿ

ವಾಡಿಯಲ್ಲಿ ರೈಲು ಬದಲಿಸುವವರಿಗೆ ವಾಡಿ ಕಾಣುವುದಿಲ್ಲ. ಪ್ಲಾಟ್‌ಫಾರಂ ಕಾಣುತ್ತದೆ, ಚಹಾದ ಕೆಟಲಿ ಕಾಣುತ್ತದೆ, ಹಳಿಯಾಚೆ ಬೂದು ಬಣ್ಣದ ಆಕಾಶ ಕಾಣುತ್ತದೆ. ಊರು ಅದರ ಹಿಂದೆ ಎಲ್ಲೋ ಇರುತ್ತದೆ. ನಾನೂ ಈಗ ಹಾಗೆಯೇ ಆಗಿದ್ದೇನೆ. ರಾಯಚೂರಿನಿಂದ ತವರಿಗೆ ಹೋಗುವಾಗಲೆಲ್ಲ ಇಲ್ಲಿ ಇಳಿದು, ಸೇಡಂ ಕಡೆಯ ಗಾಡಿಗೆ ಕಾದು, ಹತ್ತಿ ಹೋಗಿಬಿಡುತ್ತೇನೆ. ಕಳೆದ ಶ್ರಾವಣದಲ್ಲಿ ಮಾತ್ರ ಗಾಡಿ ಬಹಳ ತಡವಾಯಿತು. ಮಳೆ ಆಗಷ್ಟೇ ನಿಂತಿತ್ತು. ಚೀಲ ಹೆಗಲಿಗೆ ಹಾಕಿಕೊಂಡು ಸ್ಟೇಷನ್ನಿನಿಂದ ಹೊರಗೆ ಬಂದು, ನಾವು ಮೊದಲು ಇದ್ದ ರೈಲ್ವೆ ಕ್ವಾರ್ಟರ್ಸಿನ ಕಡೆ ನಡೆದೆ.

ದಾರಿಯಲ್ಲಿ ಒಂದು ಬಡಿಗರ ಅಂಗಡಿ. ನಾವಿದ್ದಾಗ ಇರಲಿಲ್ಲ. ಒಳಗೆ ಯಾರೋ ಬೇವಿನ ಹಲಗೆಯನ್ನು ಪಾಲಿಶ್ ಪೇಪರಿನಿಂದ ತಿಕ್ಕುತ್ತಿದ್ದರು. ತೇವಕ್ಕೆ ಮರದ ಪುಡಿಯ ವಾಸನೆ ಮೇಲೇಳದೆ ನೆಲದ ಮೇಲೇ ಕೂತಿತ್ತು. ಅದರ ಜೊತೆಗೆ ಒದ್ದೆಯಾದ ಸಿಮೆಂಟ್ ಧೂಳಿನ ವಾಸನೆ. ಈ ಎರಡೂ ಕೂಡಿ ಬರುವ ಊರು ನನ್ನ ಪಾಲಿಗೆ ಇದೊಂದೇ. ಮುಂದಕ್ಕೆ ಹೋಗಲಾಗದೆ ಆ ಅಂಗಡಿಯ ಎದುರಿಗೇ ಸ್ವಲ್ಪ ಹೊತ್ತು ನಿಂತುಬಿಟ್ಟೆ. ನಾನು ಮದುವೆಯಾಗಿ ಬಂದ ಮೊದಲ ವರ್ಷ, ಆ ಮಳೆಗಾಲದಿಂದ ಬೇಸಿಗೆಯವರೆಗಿನ ದಿನಗಳು, ಒಂದೊಂದಾಗಿ ಬಂದವು.

ಅದು ನನ್ನ ಎರಡನೇ ಮದುವೆ. ನಮ್ಮವರಿಗೂ ಎರಡನೆಯದೇ. ಮೊದಲ ಮನೆಯಲ್ಲಿ ನನಗೆ ಮಕ್ಕಳಾಗಲಿಲ್ಲ ಎಂದು ಹಿರಿಯರು ಕೂತು ಮಾತಾಡಿ ಬಿಡಿಸಿ ಕಳಿಸಿದ್ದರು. ಚಿಂಚೋಳಿ ತಾಲೂಕಿನ ಕೊಡ್ಲಿಯಲ್ಲಿ, ತವರಿನ ಪಡಸಾಲೆಯಲ್ಲಿ ಹೊಲಿಗೆ ಮಷಿನ್ ತುಳಿಯುತ್ತ ಕೆಲವು ವರ್ಷ ಕಳೆದಿದ್ದೆ. ನಮ್ಮವರು ಗೂಡ್ಸ್ ಗಾಡಿಯ ಗಾರ್ಡ್. ಅವರ ಮೊದಲ ಹೆಂಡತಿ ಸವಿತಾ ಕಾಮಾಲೆಯಾಗಿ ತೀರಿಕೊಂಡಿದ್ದಳು. ಮಗಳು ಪಲ್ಲವಿ ಆಗ ಐದನೇ ಇಯತ್ತೆ.

ಸವಿತಾಳ ತಾಯಿ ಸೇಡಂನಲ್ಲಿದ್ದರು. ಒಂದು ಖಾನಾವಳಿಗೆ ಜೋಳದ ರೊಟ್ಟಿ ಬಡಿದುಕೊಡುತ್ತ, ಹಿಟ್ಟಿನ ಗಿರಣಿಯ ಹಿಂದಿನ ಎರಡು ಕೋಣೆಯಲ್ಲಿ ಇರುತ್ತಿದ್ದರು. ಪಲ್ಲವಿ ಅವರನ್ನು ಆಯಿ ಎನ್ನುತ್ತಿದ್ದಳು, ನಾನೂ ಮನಸ್ಸಿನಲ್ಲಿ ಹಾಗೆಯೇ ಅನ್ನುತ್ತಿದ್ದೆ. ನಮ್ಮ ಮದುವೆಯ ಮಾತುಕತೆಯ ದಿನವೇ ಆಯಿ ಎಲ್ಲರ ಮುಂದೆ ಹೇಳಿದ್ದರು: ಈ ವರ್ಷ ಕೂಸು ವಾಡಿಯ ಶಾಲೆಯಲ್ಲೇ ಓದಲಿ, ನಡುವೆ ಬಿಡಿಸುವುದು ಬೇಡ, ಬೇಸಿಗೆ ರಜೆಗೆ ನಾನು ಬಂದು ಸೇಡಂಗೆ ಕರೆದುಕೊಂಡು ಹೋಗುತ್ತೇನೆ, ಆಮೇಲೆ ಅಲ್ಲೇ ಇರುತ್ತಾಳೆ. ಯಾರೂ ಬೇಡ ಅನ್ನಲಿಲ್ಲ. ನಮ್ಮವರು ತಲೆ ತಗ್ಗಿಸಿ ಕೂತಿದ್ದರು. ನಾನು ಇನ್ನೂ ಆ ಮನೆಯ ಹೊಸ್ತಿಲು ಕೂಡ ದಾಟದವಳು, ಏನು ಹೇಳಲಿ.

ಬಂದ ಕೆಲವೇ ದಿನಕ್ಕೆ ಮಳೆ ಹಿಡಿಯಿತು. ವಾಡಿಯ ಮಳೆ ನಮ್ಮ ಕೊಡ್ಲಿಯ ಮಳೆಯಂಥದ್ದಲ್ಲ. ಬೇಸಿಗೆಯುದ್ದಕ್ಕೂ ಗಿಡದೆಲೆಗಳ ಮೇಲೆ ಕೂತ ಸಿಮೆಂಟ್ ಪುಡಿ ಮೊದಲ ಹನಿಗೇ ಕಲಸಿ, ಎಲೆಯ ತುದಿಯಿಂದ ಹಾಲಿನ ಹಾಗೆ ಇಳಿಯುತ್ತದೆ. ಹೊರಗೆ ಹಾಕಿದ ಬಟ್ಟೆಯನ್ನು ಮತ್ತೆ ಹಿಂಡಿಕೊಂಡು ಒಳಗೆ ತರಬೇಕು. ನಮ್ಮವರು ಡ್ಯೂಟಿಗೆ ಹೋದರೆ ಯಾವಾಗ ಬರುತ್ತಾರೆಂಬುದು ಅವರಿಗೇ ಗೊತ್ತಿರುತ್ತಿರಲಿಲ್ಲ. ಮನೆಯಲ್ಲಿ ನಾನು, ಪಲ್ಲವಿ, ಮಳೆಯ ಸದ್ದು.

ಅವಳು ನನ್ನ ಜೊತೆ ಜಗಳ ತೆಗೆಯಲಿಲ್ಲ. ತೆಗೆದಿದ್ದರೆ ಚೆನ್ನಾಗಿತ್ತು. ನೆಂಟರ ಮನೆಗೆ ಬಂದವಳ ಹಾಗೆ ಇದ್ದಳು. ಉಂಡ ತಾಟು ತಾನೇ ತೊಳೆದಿಡುವಳು, ಹಾಸಿಗೆ ತಾನೇ ಮಡಚುವಳು, ಎರಡನೇ ಸಲ ಸಾರು ಬೇಕೇ ಎಂದರೆ ಬೇಡ ಎನ್ನುವಳು. ನನ್ನನ್ನು ಯಾವ ಹೆಸರಿನಿಂದಲೂ ಕರೆಯುತ್ತಿರಲಿಲ್ಲ. ಏನಾದರೂ ಬೇಕಿದ್ದರೆ ಅಡುಗೆಮನೆಯ ಬಾಗಿಲಿಗೆ ಬಂದು, ನಾನು ತಿರುಗಿ ನೋಡುವ ತನಕ ಸುಮ್ಮನೆ ನಿಂತಿರುವಳು. ನಾನೂ ಹತ್ತಿರ ಎಳೆದುಕೊಳ್ಳಲು ಹೋಗಲಿಲ್ಲ. ಬೇಸಿಗೆಗೆ ಹೋಗುವ ಕೂಸು. ಅವಳ ಮನಸ್ಸಿನಲ್ಲಿ ನನ್ನನ್ನು ನಾಟಿ ಆಮೇಲೆ ಕೀಳುವುದು ಯಾತಕ್ಕೆ ಅಂದುಕೊಂಡಿದ್ದೆ.

ಆಗಸ್ಟಿನಲ್ಲಿ ಶಾಲೆಯವರು ಐದನೇ, ಆರನೇ ಇಯತ್ತೆಯ ಮಕ್ಕಳಿಗೆ ಒಂದೊಂದು ಪೊಟ್ಟಣ ಕೊಟ್ಟರು. ಅದರಲ್ಲಿ ಗೇಣುದ್ದದ ಒಂದು ಮರದ ತುಂಡು, ನಾಲ್ಕು ಪ್ಲಾಸ್ಟಿಕ್ ಗಾಲಿ, ಅಚ್ಚಿನ ಬದಲಿಗೆ ನಾಲ್ಕು ಮೊಳೆ. ಮರವನ್ನು ಬೇಕಾದ ಆಕಾರಕ್ಕೆ ಕೆತ್ತಿ, ಗಾಲಿ ಕೂಡಿಸಿ, ಚಿಕ್ಕ ಕಾರು ಮಾಡಬೇಕು. ಚಳಿಗಾಲದಲ್ಲಿ ಚಿತ್ತಾಪುರದಲ್ಲಿ ಸ್ಪರ್ಧೆ. ಸೇಡಂ, ಶಹಾಬಾದ, ಚಿಂಚೋಳಿ ಕಡೆಯ ಶಾಲೆಗಳ ಮಕ್ಕಳೂ ಬರುತ್ತಾರೆ. ಜಾರುಬಂಡೆಯ ಹಾಗೆ ಇಳಿಜಾರಾಗಿ ನಿಲ್ಲಿಸಿದ ಉದ್ದ ಹಲಗೆಯ ಮೇಲಿಂದ ಕಾರುಗಳನ್ನು ಬಿಡುತ್ತಾರೆ. ಮೋಟಾರಿಲ್ಲ, ಬ್ಯಾಟರಿ ಇಲ್ಲ, ಯಾರೂ ತಳ್ಳುವಂತಿಲ್ಲ. ತನ್ನ ಭಾರಕ್ಕೆ ತಾನೇ ಉರುಳಿ ಯಾವುದು ಮೊದಲು ಕೆಳಗೆ ಮುಟ್ಟುತ್ತದೋ ಅದು ಗೆದ್ದಂತೆ. ಮನೆಯವರು ಹೇಳಿಕೊಡಬಹುದು, ಕೆಲಸ ಮಾತ್ರ ಮಕ್ಕಳದೇ ಆಗಬೇಕು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಪಲ್ಲವಿ ಪೊಟ್ಟಣವನ್ನು ನನಗೆ ತೋರಿಸಿರಲೇ ಇಲ್ಲ.

ಒಂದು ಮಧ್ಯಾಹ್ನ ಹಿತ್ತಲ ಕಡೆಯಿಂದ ಟಕ್ ಟಕ್ ಸದ್ದು ಕೇಳಿತು. ನೋಡಿದರೆ ಕಲ್ಲಿನಿಂದ ಮೊಳೆ ಬಡಿಯುತ್ತಿದ್ದಳು. ಆಮೇಲೆ ಪಡಸಾಲೆಯ ನೆಲದ ಮೇಲೆ ಕಾರು ಬಿಟ್ಟಳು. ಅದು ಗೇಣು ದೂರ ನೆಟ್ಟಗೆ ಹೋಗಿ, ಎಡಕ್ಕೆ ಹೊರಳಿ, ಮಂಚದ ಕಾಲಿಗೆ ಹೋಗಿ ತಾಗಿತು. ಮತ್ತೆ ಬಿಟ್ಟಳು, ಮತ್ತೆ ಮಂಚದ ಕಾಲು. ಹಾಗೆ ಎಷ್ಟೋ ಸಲ. ಕೊನೆಗೆ ಕಾರನ್ನು ಮೂಲೆಗೆ ಎಸೆದು, ಗೋಡೆಗೆ ಮುಖ ಮಾಡಿ ಕೂತಳು. ಅವಳ ಹೆಗಲು ಅಲ್ಲಾಡುತ್ತಿತ್ತು, ಸದ್ದಿರಲಿಲ್ಲ. ಆ ವಯಸ್ಸಿನ ಮಕ್ಕಳು ಸದ್ದಿಲ್ಲದೆ ಅಳುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಹೋಗಿ ಕಾರನ್ನು ಎತ್ತಿಕೊಂಡೆ. ನಮ್ಮಪ್ಪ ಬಡಿಗರು. ಹಳ್ಳಿಯ ಎತ್ತಿನ ಗಾಡಿಗಳೆಲ್ಲ ಅವರ ಕೈಯಲ್ಲೇ ಆದವು. ಒಂದು ಗಾಡಿ ಒಂದೇ ಕಡೆ ಎಳೆಯುತ್ತಿದ್ದರೆ ರೈತರು ಎತ್ತನ್ನು ಬೈಯುತ್ತಿದ್ದರು. ಅಪ್ಪ ಎತ್ತನ್ನು ನೋಡುತ್ತಲೇ ಇರಲಿಲ್ಲ, ಬಗ್ಗಿ ಅಚ್ಚನ್ನು ನೋಡುತ್ತಿದ್ದರು. ನಾನೂ ಕಾರನ್ನು ತಿರುಗಿಸಿ ನೋಡಿದೆ. ಮುಂದಿನ ಎಡಗಾಲಿಯ ಮೊಳೆ ಸೊಟ್ಟಗೆ ಕೂತಿತ್ತು.

ನಾನೇ ಸರಿಮಾಡಿ ಕೊಡಬಹುದಿತ್ತು. ಕೈ ಹೋಗಿತ್ತು ಕೂಡ. ಆದರೆ ಅವಳು ಗೋಡೆಯ ಕಡೆಯಿಂದ ತಿರುಗಿ ನನ್ನ ಕೈಯನ್ನೇ ನೋಡುತ್ತಿದ್ದಳು. ಆ ಮನೆಯಲ್ಲಿ ಪೂರ್ತಿಯಾಗಿ ಅವಳದು ಅನ್ನುವಂಥದ್ದು ಅದೊಂದೇ ಇತ್ತೋ ಏನೋ. ಅವಳ ಎದುರಿಗೆ ಕೂತು ಹೇಳಿದೆ:

“ಮೊಳಿ ಸೊಟ್ಟ ಕುಂತದ, ಅದಕ್ಕ ಎಡಕ್ಕ ಎಳೀತದ. ನಾ ಮಾಡಂಗಿಲ್ಲ. ನೀನ ತೆಗಿ, ನೀನ ಕುಂದ್ರಸು. ನಾ ಬರೇ ಹಿಡಕೊಂಡು ಕುಂದರ್ತೀನಿ.”

ಅವಳು ಕಣ್ಣೊರೆಸಿಕೊಂಡು ಎದ್ದಳು. ತನ್ನ ಅಪ್ಪನ ಸಾಮಾನಿನ ಡಬ್ಬಿಯಿಂದ ಮೊಳೆ ಕೀಳುವ ಪಕ್ಕಡ್ ತಂದಳು. ನಾನು ಎರಡೂ ಕೈಯಿಂದ ಮರದ ತುಂಡು ಹಿಡಿದೆ. ಅವಳು ಮೊಳೆ ಕಿತ್ತಳು.

ಅಲ್ಲಿಂದ ಆ ಮಳೆಗಾಲ ಬೇರೆಯೇ ಆಯಿತು. ಶಾಲೆ ಬಿಟ್ಟು ಬಂದು ಚಹಾ ಕುಡಿದು ಹಿತ್ತಲಿಗೆ ಬಂದುಬಿಡುತ್ತಿದ್ದಳು. ನಮ್ಮವರಿಗೆ ಹೇಳಿ ಶಹಾಬಾದಿನಿಂದ ಒಂದು ನುಣುಪಾದ ಪಾಲಿಶ್ ಕಲ್ಲು ತರಿಸಿದೆ. ಅದರ ಒಂದು ತುದಿಯ ಕೆಳಗೆ ಇಟ್ಟಿಗೆ ಇಟ್ಟು ಇಳಿಜಾರು ಮಾಡಿದೆವು. ನಡುವೆ ಸುಣ್ಣದ ಕಡ್ಡಿಯಿಂದ ಉದ್ದಕ್ಕೊಂದು ಗೆರೆ. ಗೆರೆಯ ಮೇಲೆ ಕಾರು ಬಿಟ್ಟು, ಅದು ಎಷ್ಟು ಸರಿಯುತ್ತದೆ ಎಂದು ನೋಡುವುದು. ಮೊಳೆಗಳ ತಲೆಯಡಿ ಸಣ್ಣ ಸಣ್ಣ ಉಬ್ಬು ಇದ್ದವು. ಅವನ್ನು ಅರದಿಂದ ತಿಕ್ಕಿ, ಪಾಲಿಶ್ ಪೇಪರ್ ಹಿಡಿದು ಕನ್ನಡಿಯ ಹಾಗೆ ಮಾಡಿದಳು. ಎಣ್ಣೆ ಹಾಕುವಂತಿಲ್ಲ ಎಂದು ಶಾಲೆಯಲ್ಲಿ ಹೇಳಿದ್ದರಂತೆ. ಪೆನ್ಸಿಲಿನ ಸೀಸವನ್ನು ಕೆರೆದು, ಆ ಕಪ್ಪು ಪುಡಿಯನ್ನು ಗಾಲಿಯ ತೂತಿಗೆ ತುಂಬುತ್ತಿದ್ದಳು. ಉಗುರೆಲ್ಲ ಕಪ್ಪು, ಮೂಗಿನ ತುದಿಯೂ ಕಪ್ಪು. ಕಾರಿಗೆ ಭಾರ ಸಾಲದು ಅನ್ನಿಸಿದಾಗ ನಮ್ಮವರು ದಂಡೋತಿಯಲ್ಲಿ ಕಾಗಿಣಾ ಹೊಳೆಗೆ ಬಲೆ ಹಾಕುವ ಗೆಳೆಯರಿಂದ ಬಲೆಗೆ ಕಟ್ಟುವ ಸೀಸದ ಗುಂಡು ತಂದುಕೊಟ್ಟರು. ಕಾರಿನ ಹೊಟ್ಟೆ ಕೊರೆದು ಅದನ್ನು ಕೂಡಿಸಿದಳು.

ಮೊಳೆ ನೆಟ್ಟಗಿದ್ದರೆ ತಿರುವಿದರೂ ಪ್ರಯೋಜನವಿಲ್ಲ, ಕೂದಲೆಳೆಯಷ್ಟು ಬಾಗಿದ್ದರೆ ಮಾತ್ರ ಅದನ್ನು ಸ್ವಲ್ಪ ತಿರುವಿದಾಗ ಗಾಲಿ ದಿಕ್ಕು ಬದಲಿಸುತ್ತದೆ ಎಂಬುದನ್ನು ನಾವಿಬ್ಬರೂ ಮಾಡಿ ಮಾಡಿಯೇ ಕಂಡುಕೊಂಡೆವು. ಅವಳು ಕಲ್ಲಿನ ಮೇಲ್ತುದಿಯಲ್ಲಿ, ನಾನು ಕೆಳತುದಿಯಲ್ಲಿ. ಅವಳು ಬಿಡುವುದು, ನಾನು ಹಿಡಿಯುವುದು. ಹೀಗಿರುವಾಗ ಒಂದು ದಿನ ಗಾಡಿ ಗೆರೆಯಿಂದ ಸರಿದು ಕೆಳಗೆ ಬೀಳುವುದರಲ್ಲಿತ್ತು. ನಾನು ಬೇರೆಲ್ಲೋ ನೋಡುತ್ತಿದ್ದೆ. ಅವಳು ಕೂಗಬೇಕಾಯಿತು. ನಮ್ಮವರು ನನ್ನನ್ನು ಮಹಾನಂದಾ ಎನ್ನದೆ ನಂದಾ ಎನ್ನುತ್ತಿದ್ದರು. ಅದಕ್ಕೆ ತನಗೆ ತೋಚಿದ್ದು ಸೇರಿಸಿ, “ನಂದವ್ವ, ಹಿಡಿ” ಅಂದಳು. ಹಿಡಿದೆ. ಹಿಡಿದು ಕೊಟ್ಟೆ. ಅವಳು ಏನೂ ಆಗದವಳ ಹಾಗೆ ಮತ್ತೆ ಮೊಳೆ ತಿರುವತೊಡಗಿದಳು. ನಾನು ನೀರು ತರುವ ನೆವ ಮಾಡಿ ಒಳಗೆ ಹೋಗಿ, ಕೊಡದ ಹತ್ತಿರ ಸ್ವಲ್ಪ ಹೊತ್ತು ನಿಂತು ಬಂದೆ.

ದಸರಾ ರಜೆಗೆ ಅವಳನ್ನು ಕೊಡ್ಲಿಗೆ ಕರೆದೊಯ್ದೆ. ನಮ್ಮಪ್ಪನಿಗೆ ಕಾರು ತೋರಿಸಬೇಕು ಎಂದು ಅವಳೇ ಹೊರಟಿದ್ದು. ಅಪ್ಪ ಕನ್ನಡಕ ಹಾಕಿಕೊಂಡು, ಆ ಗೇಣುದ್ದದ ಗಾಡಿಯನ್ನು ತೊಡೆಯ ಮೇಲಿಟ್ಟುಕೊಂಡು, ದೊಡ್ಡ ಗಾಡಿ ನೋಡುವಷ್ಟೇ ಗಂಭೀರವಾಗಿ ನೋಡಿದರು. ಬೆರಳಿನಿಂದ ಗಾಲಿ ತಿರುಗಿಸಿದರು. ಗಾಲಿಗೆ ಜರಾ ಸಡಿಲ ಇರಬೇಕು ಕೂಸ, ಬಿಗಿ ಹಿಡಿದರೆ ಅದು ಮರಕ್ಕೆ ತಿಕ್ಕಿಕೊಂಡು ಸಾಯುತ್ತದೆ ಅಂದರು. ಮುಂದಿನ ಎರಡು ಗಾಲಿಯಲ್ಲಿ ಒಂದನ್ನು ನೆಲಕ್ಕೆ ತಾಗದಷ್ಟು ಎತ್ತಿಬಿಡು, ಮೂರು ಗಾಲಿಯ ಮೇಲೆ ಹೋದರೆ ತಿಕ್ಕಾಟ ಕಡಿಮೆ ಅಂತಲೂ ಹೇಳಿದರು. ಎತ್ತಿನ ಗಾಡಿಯಲ್ಲಿ ಇದನ್ನು ಮಾಡುವ ಹಾಗಿಲ್ಲ, ನಿನ್ನ ಗಾಡಿಯಲ್ಲಿ ಮಾಡಿ ನೋಡಬೇಕೆಂದು ನನಗೇ ಆಸೆ ಎಂದು ನಕ್ಕರು. ಅವಳೂ ನಕ್ಕಳು. ಕೆಳಗಿನ ಸಾಲಿನಲ್ಲಿ ಒಂದು ಹಲ್ಲು ಸೊಟ್ಟಗಿದೆ ಎಂದು ನನಗೆ ಗೊತ್ತಾದದ್ದು ಅವತ್ತೇ. ಅಪ್ಪನ ಅರ ಹಿಡಿದು ಕೆಲಸ ಮಾಡುವಾಗ ಜಾರಿ ಅವಳ ಹೆಬ್ಬೆರಳಿಗೆ ಗಾಯವಾಯಿತು. ಅರಿಶಿಣ ಹಚ್ಚಿ ಬಟ್ಟೆ ಕಟ್ಟಿದೆ.

ವಾಪಸು ಬರುವಾಗ ಸೇಡಂನಲ್ಲಿ ಇಳಿದು ಆಯಿಯ ಮನೆಗೆ ಹೋದೆವು. ಆಯಿ ಮೊಮ್ಮಗಳನ್ನು ತಬ್ಬಿಕೊಂಡು ಕೈ ಸವರಿದರು. ಅವರ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಬೆರಳಿಗೆ ಬಟ್ಟೆ ಸಿಕ್ಕಿತು. ಏನಿದು ಎಂದು ಕೇಳಿದರು. ಪಲ್ಲವಿ ಹೆಮ್ಮೆಯಿಂದಲೇ, ಅರ ತಾಗಿತು, ನಂದವ್ವ ಅರಿಶಿಣ ಹಚ್ಚಿದಳು ಅಂದಳು.

ಆಯಿಯ ಬೆರಳು ಆ ಬಟ್ಟೆಯ ಮೇಲೇ ನಿಂತಿತು. “ಯಾರು ನಂದವ್ವ?” ಅಂದರು. ಕೂಸು ನನ್ನ ಕಡೆ ತೋರಿಸಿತು. ಆಮೇಲೆ ಆಯಿ ನನ್ನ ಕಡೆ ತಿರುಗಿ, ದನಿ ಎತ್ತದೆ ಹೇಳಿದರು:

“ಕೂಸಿನ ಕೈಯಾಗ ಅರ ಕೊಡಬಾರದು ಅನ್ನೋದು ಹಡದವರಿಗಿ ಗೊತ್ತಿರ್ತದ.”

ನನಗೆ ಆ ಮಾತು ಹೊಸದಲ್ಲ. ಮೊದಲ ಮನೆಯಲ್ಲಿ ಬೇರೆ ಬೇರೆ ಬಾಯಿಂದ ಕೇಳಿದ್ದೆ. ಆದರೆ ಪಲ್ಲವಿಯ ಎದುರಿಗೆ ಕೇಳಿದ್ದು ಅದೇ ಮೊದಲು. ರಜೆ ಮುಗಿಯುವ ತನಕ ಕೂಸು ಇಲ್ಲೇ ಇರಲಿ ಎಂದರು ಆಯಿ. ಆಗಲಿ ಎಂದೆ. ಅವಳ ಬಟ್ಟೆ ತೆಗೆದಿಟ್ಟು, ರೈಲಿನಲ್ಲಿ ಒಬ್ಬಳೇ ವಾಡಿಗೆ ಬಂದೆ. ಕಾರು ನನ್ನ ಚೀಲದಲ್ಲೇ ಉಳಿದುಬಿಟ್ಟಿತ್ತು.

ನಮ್ಮವರು ಡ್ಯೂಟಿ ಮುಗಿಸಿ ಬಂದು ವಿಷಯ ಕೇಳಿ, ನಾಳೆಯೇ ಹೋಗಿ ಕರೆತರುತ್ತೇನೆ ಅಂದರು. ಬೇಡ ಎಂದೆ. ಅವರು ಮಗಳನ್ನು ಕಳೆದುಕೊಂಡವರು, ನಾನು ಯಾವ ಮುಖ ಇಟ್ಟುಕೊಂಡು ಮೊಮ್ಮಗಳನ್ನು ಕೇಳಲಿ ಎಂದೆ. ಆ ದಿನಗಳಲ್ಲಿ ಹಿತ್ತಲಿಗೆ ಹೋದರೆ ಆ ಕಲ್ಲನ್ನು ಬಳಸಿಕೊಂಡು ದೂರದಿಂದ ಹೋಗುತ್ತಿದ್ದೆ. ಕಾರನ್ನು ಮೇಲಿನ ಹಲಗೆಯ ಮೇಲೆ ಇಟ್ಟೆ, ಮುಟ್ಟಲಿಲ್ಲ. ಹೊರಗೆ ಮಳೆ ಮುಗಿದು ಬಿಸಿಲು ಬಿದ್ದು, ತೊಗರಿ ಹೊಲಗಳಲ್ಲಿ ಹೂವು ಹಿಡಿಯಲು ಶುರುವಾಗಿತ್ತು. ಕೂಸು ಬೇಸಿಗೆಯವರೆಗೂ ಇರುತ್ತಾಳೆಂದು ಲೆಕ್ಕ ಹಾಕಿದ್ದೆ, ಬೇಸಿಗೆ ಇಷ್ಟು ಬೇಗ ಬಂತೇ ಎನ್ನಿಸುತ್ತಿತ್ತು.

ಶಾಲೆ ಶುರುವಾಗುವ ಮುನ್ನಾದಿನ ಆಯಿಯೇ ಅವಳನ್ನು ಕರೆದುಕೊಂಡು ಬಂದರು. ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ ಕೆಳಗಿಟ್ಟರು. ಪಲ್ಲವಿ ಚಪ್ಪಲಿ ಬಿಡುವ ಮೊದಲೇ ನನ್ನ ಗಾಡಿ ಎಲ್ಲಿ ಎಂದು ಕೇಳಿ, ತೆಗೆದುಕೊಂಡು ಹಿತ್ತಲಿಗೆ ಓಡಿದಳು. ನಾನು ಒಲೆಯ ಮೇಲೆ ಚಹಾ ಇಟ್ಟೆ. ಆಯಿ ಅಡುಗೆಮನೆಯ ಗೋಡೆಗೆ ಒರಗಿ ಕೂತರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು:

“ಸವಿತಾಗ ನಾ ಏನೂ ಮುಟ್ಟಗೊಡಲಿಲ್ಲ. ಕುಡಗೋಲು ಹಿಡಿಬ್ಯಾಡ, ಒಲಿ ಕಡೀಗಿ ಹೋಗಬ್ಯಾಡ, ಬಾವಿ ಕಡೀಗಿ ಹೋಗಬ್ಯಾಡ. ಒಂದು ಗೀರು ಬೀಳಗೊಡಲಿಲ್ಲ. ಅಷ್ಟು ಜ್ವಾಪಾನ ಮಾಡಿದ್ರೂ ಹೋದ್ಲು.”

ನಾನು ಚಹಾ ಸೋಸುತ್ತಿದ್ದೆ.

“ಈ ಪೋರಿ ನೋಡಿದ್ರ ಆ ಗಾಯ ಓಣಿ ಮಂದಿಗೆಲ್ಲ ತೋರಿಸ್ಕೊಂತ ತಿರಗ್ತು, ಇನಾಮು ಸಿಕ್ಕಂಗ,” ಅಂದರು. ಅಷ್ಟೇ. ನಂದವ್ವ ಎಂಬ ಹೆಸರಿನ ಕೊನೆಗಿದ್ದ ಆ ‘ಅವ್ವ’ ಎನ್ನುವುದೇ ಅವತ್ತು ಅವರಿಗೆ ಚುಚ್ಚಿದ್ದು, ಅರದ ಗಾಯವಲ್ಲ ಎಂದು ನನಗೆ ಆಗ ಹೊಳೆಯಿತು. ಅವರು ಲೋಟಕ್ಕಾಗಿ ಗಾಳಿಯಲ್ಲಿ ಕೈ ಚಾಚಿ ಹುಡುಕಿದರು. ಅದನ್ನು ಅವರ ಅಂಗೈಯಲ್ಲಿಟ್ಟು, ಬೆರಳು ಮಡಚಿ ಹಿಡಿಸಿದೆ.

ಚಹಾ ಕುಡಿದು ಆಯಿಯೂ ಹಿತ್ತಲಿಗೆ ಬಂದರು. ಪಲ್ಲವಿ ಅವರನ್ನು ಕಲ್ಲಿನ ಪಕ್ಕ ಕೂಡಿಸಿದಳು. ನಮ್ಮಪ್ಪ ಹೇಳಿದ ಹಾಗೆ ಕೊಡ್ಲಿಯಲ್ಲೇ ಮುಂದಿನ ಬಲಗಾಲಿಯನ್ನು ಎತ್ತಿ ಕೂಡಿಸಿದ್ದೆವು. ಕಾರು ಈಗ ಗೆರೆ ಬಿಟ್ಟು ಸರಿಯುತ್ತಿರಲಿಲ್ಲ, ಆದರೆ ಅಂದುಕೊಂಡಷ್ಟು ವೇಗವೂ ಇರಲಿಲ್ಲ. ಯಾಕೆಂದು ತಿಳಿಯದೆ ಇಬ್ಬರೂ ಮತ್ತೆ ಮತ್ತೆ ಮೇಲಿಂದ ಬಿಡುತ್ತಿದ್ದೆವು. ಆಯಿ ಕಿವಿಗೊಟ್ಟು ಕೂತಿದ್ದರು. ಇನ್ನೊಂದು ಸಲ ಬಿಡು ಎಂದರು. ಬಿಟ್ಟಳು. ಹಿಂದಿನ ಗಾಲಿ ಅಳಾಕತ್ತದ ಅಂದರು ಆಯಿ. ನಮಗೆ ಏನೂ ಕೇಳಿರಲಿಲ್ಲ. ಗಿರಣಿಯ ಗೋಡೆಗೆ ತಲೆ ಕೊಟ್ಟು ಮಲಗಿದವಳು ನಾನು, ಬೀಸುವ ಕಲ್ಲು ಎಲ್ಲಿ ತಿಕ್ಕುತ್ತದೆ ಎಂದು ಗಂಡನಿಗೆ ಒಳಗಿಂದಲೇ ಹೇಳುತ್ತಿದ್ದೆ ಎಂದರು. ಅವರ ಯಜಮಾನರು ಆ ಗಿರಣಿಯಲ್ಲೇ ದುಡಿದವರಂತೆ.

ಒಂದೊಂದೇ ಗಾಲಿಯನ್ನು ಅವರ ಕಿವಿಯ ಹತ್ತಿರ ಹಿಡಿದು ತಿರುಗಿಸಿದೆವು. ಹಿಂದಿನ ಬಲಗಾಲಿ. ಅದು ಮರದ ಮೈಗೆ ತಾಗಿಯೂ ತಾಗದ ಹಾಗೆ ತಿಕ್ಕುತ್ತಿತ್ತು. ಪಲ್ಲವಿ ಮೊಳೆಯನ್ನು ಒಂದಿಷ್ಟು ಹೊರಗೆಳೆದಳು. ಹಳೆಯ ಲಗ್ನಪತ್ರಿಕೆಯೊಂದನ್ನು ಗಾಲಿಗೂ ಮರಕ್ಕೂ ನಡುವೆ ತೂರಿಸಿ, ಅದು ಸಲೀಸಾಗಿ ಆಡುವಷ್ಟು ಸಂದು ಬಿಟ್ಟಳು. ಮತ್ತೆ ಬಿಟ್ಟಾಗ ಕಾರು ನನ್ನ ಕೈಗೆ ಬಂದು ಬಡಿದ ಪೆಟ್ಟಿಗೆ ಬೆರಳು ಚುರುಗುಟ್ಟಿತು. ಹ್ಞಾಂ, ಈಗ ಸುಮ್ಮನಾಯಿತು ಅಂದರು ಆಯಿ. ಅವತ್ತು ಸಂಜೆಯ ರೈಲಿಗೆ ಹೋಗಬೇಕಾದವರು ಹೋಗಲಿಲ್ಲ.

ಸ್ಪರ್ಧೆಯ ದಿನ ಚಿತ್ತಾಪುರದಲ್ಲಿ ಒಳ್ಳೆಯ ಚಳಿ. ನಮ್ಮವರಿಗೆ ರಜೆ ಸಿಗಲಿಲ್ಲ. ಆಯಿ ಸೇಡಂನಿಂದ ನೇರ ಬಂದಿದ್ದರು. ಒಂದು ಶಾಲೆಯ ದೊಡ್ಡ ಹಾಲಿನಲ್ಲಿ ಇಳಿಜಾರಿನ ಹಲಗೆ ನಿಲ್ಲಿಸಿದ್ದರು. ಪ್ರತಿ ಕಾರಿನ ದಾರಿಯ ನಡುವೆ ಒಂದು ಸಣ್ಣ ಮರದ ಪಟ್ಟಿ. ಕಾರು ಅತ್ತ ಇತ್ತ ಎಳೆದರೆ ಆ ಪಟ್ಟಿಗೆ ತಿಕ್ಕಿ ನಿಧಾನವಾಗುತ್ತದೆ. ಮಕ್ಕಳು ಮಾತ್ರ ಒಳಗೆ, ಮನೆಯವರೆಲ್ಲ ಹಗ್ಗದ ಆಚೆ. ಹಾಲಿನ ತುಂಬ ಮಕ್ಕಳ ಗದ್ದಲ, ಬಣ್ಣ ಬಣ್ಣದ ಕಾರು. ನಮ್ಮದಕ್ಕೆ ಪಲ್ಲವಿ ಗೂಡ್ಸ್ ಗಾಡಿಯ ಕೊನೆಯ ಡಬ್ಬಿಯ ಕೆಂಪು ಬಣ್ಣ ಹಚ್ಚಿದ್ದಳು.

ಮೊದಲ ಸರದಿಯಲ್ಲಿ ನಮ್ಮ ಕಾರು ಸಲೀಸಾಗಿ ಗೆದ್ದಿತು. ಎರಡನೆಯದರಲ್ಲೂ ಮುಂದೆಯೇ ಬಂತು. ಆದರೆ ಕೆಳಗೆ ಹಾಕಿದ್ದ ಗಾದಿಗೆ ತಾಗಿ ನಿಂತಿದ್ದಾಗ, ಹಿಂದಿನಿಂದ ಬಂದ ಬೇರೊಂದು ಕಾರು ದಾರಿ ತಪ್ಪಿ ಪಕ್ಕದಿಂದ ಅದರ ಮುಂಭಾಗಕ್ಕೆ ಬಡಿಯಿತು. ಪಲ್ಲವಿ ಎತ್ತಿಕೊಂಡು ಮುಂದಿನ ಎಡಗಾಲಿ ತಿರುಗಿಸಿ ನೋಡಿದಳು. ಅವಳ ಮುಖ ನೋಡಿಯೇ ನನಗೆ ಗೊತ್ತಾಯಿತು. ನೆಲಕ್ಕೆ ತಾಗುವ ಮುಂದಿನ ಗಾಲಿ ಅದೊಂದೇ. ಅದರ ಮೊಳೆ ತಿರುಗಿದರೆ ಮುಗಿಯಿತು. ಕೊನೆಯ ಸರದಿಗೆ ಹೆಚ್ಚು ಹೊತ್ತಿರಲಿಲ್ಲ.

ಅವಳು ತಲೆಯೆತ್ತಿ ನನ್ನನ್ನು ಹುಡುಕಿದಳು. ನಾನು ಹಗ್ಗದ ಹತ್ತಿರ ಹೋದೆ. ಒಳಗೆ ಬರುವಂತಿಲ್ಲ ಎಂದು ಅಲ್ಲಿದ್ದ ಮಾಸ್ತರರು ಮೆಲ್ಲಗೆ ಹೇಳಿದರು. ಇಷ್ಟು ದಿನವೂ ಅವಳು ಮೊಳೆ ತಿರುವಿದ್ದು ನಾನು ಮರ ಹಿಡಿದಾಗಲೇ. ಈಗ ನನ್ನ ಎರಡು ಕೈ ಹಗ್ಗದ ಈಚೆ ಉಳಿದವು. ಆಯಿಗೆ ಏನೂ ಕಾಣುತ್ತಿರಲಿಲ್ಲ, ಏನು ಮಾಡಾಕತ್ತಾಳ ಎಂದು ಕೇಳುತ್ತಲೇ ಇದ್ದರು. ನಾನು ಹೇಳುತ್ತ ಹೋದೆ. ನೆಲದ ಮೇಲೆ ಕೂತಳು. ಕಾರನ್ನು ಎರಡು ಮೊಣಕಾಲಿನ ನಡುವೆ ಅವುಚಿ ಹಿಡಿದಳು. ಪಕ್ಕಡ್ ತೆಗೆದಳು. ಮೊಳೆ ತಿರುವುತ್ತಿದ್ದಾಳೆ. ಈಗ ಹೊಸ ಫ್ರಾಕು ಹಾಕಿಕೊಂಡೇ ನೆಲಕ್ಕೆ ಹೊಟ್ಟೆ ಕೊಟ್ಟು ಮಲಗಿದಳು. ಹಾಲಿಗೆ ಹಾಸಿದ ಶಹಾಬಾದಿ ಕಲ್ಲುಗಳ ನಡುವಿನ ಸಂದಿಯನ್ನೇ ಗೆರೆ ಮಾಡಿಕೊಂಡು ಕಾರು ಉರುಳಿಸಿ ನೋಡುತ್ತಿದ್ದಾಳೆ. ಸರಿಯಾಗಲಿಲ್ಲ. ಮತ್ತೆ ತಿರುವುತ್ತಿದ್ದಾಳೆ.

ಹೇಳುತ್ತ ಹೇಳುತ್ತ ನನ್ನ ಕೈ ತಾನಾಗಿ ಮುಂದಕ್ಕೆ ಚಾಚಿತ್ತೋ ಏನೋ, ಆಯಿ ನನ್ನ ಮಣಿಕಟ್ಟು ಹಿಡಿದರು. ರೊಟ್ಟಿ ಬಡಿದು ಬಡಿದು ಗಟ್ಟಿಯಾದ ಕೈ. “ಬಿಡು, ಮಾಡ್ಕೊಂತಾಳ,” ಅಂದರು. ಹೇಳಿದರೇ ವಿನಾ ಹಿಡಿದ ಕೈ ಬಿಡಲಿಲ್ಲ. ಕೊನೆಯ ಸರದಿಗೆ ಕಾರುಗಳನ್ನು ಮೇಲಿಟ್ಟಾಗಲೂ, ಅವನ್ನು ತಡೆದಿದ್ದ ಗೇಟು ಬಿದ್ದಾಗಲೂ, ಕಾರುಗಳು ಗಡಗಡ ಸದ್ದು ಮಾಡುತ್ತ ಇಳಿದಾಗಲೂ ನನ್ನ ಮಣಿಕಟ್ಟು ಅವರ ಹಿಡಿತದಲ್ಲೇ ಇತ್ತು.

ನಮ್ಮ ಕಾರು ಮೂರನೆಯದಾಗಿ ಬಂತು. ಮೊದಲನೆಯದು ಶಹಾಬಾದಿನ ಒಬ್ಬ ಹುಡುಗಿಯದು, ಎರಡನೆಯದು ಚಿಂಚೋಳಿ ಕಡೆಯದು. ಪಲ್ಲವಿಗೆ ಒಂದು ಕಂಪಾಸ್ ಪೆಟ್ಟಿಗೆ ಕೊಟ್ಟರು. ಅದನ್ನು ಕಂಕುಳಲ್ಲಿ ಅವುಚಿಕೊಂಡು ಓಡಿಬಂದು, ಹಗ್ಗದ ಕೆಳಗೆ ನುಸುಳಿ, ಉಸಿರು ಬಿಡದೆ ಹೇಳಿದಳು: “ನಂದವ್ವ, ಮೊಳಿ ಪೂರಾ ತಿರುಗಿತ್ತು. ನಾ ಒಬ್ಬಾಕಿನೇ ಕುಂದ್ರಸಿದೆ. ಪಟ್ಟಿಗಿ ಎಲ್ಲೂ ತಾಗಲಿಲ್ಲ, ನೋಡಿದಿಲ್ಲ?” ನೋಡಿದೆ ಎಂದೆ. ಆ ಹೆಸರು ಆಯಿಯ ಕಿವಿಗೂ ಬಿದ್ದಿತ್ತು. ಅವರು ಪಲ್ಲವಿಯ ಫ್ರಾಕಿನ ಧೂಳು ಕೊಡವುತ್ತ, ಕೂಸಿಗೆ ಹಸಿವಾಗಿರಬೇಕು, ಮೊದಲು ಉಣ್ಣಿಸು ಎಂದು ನನಗೆ ಹೇಳಿದರು.

ಆಮೇಲೆ ದಿನಗಳು ಬೇಗ ಬೇಗ ಹೋದವು. ತೊಗರಿ ರಾಶಿ ಮುಗಿಯಿತು. ಬಿಸಿಲು ಏರಿತು. ವಾಡಿಯ ಬೇಸಿಗೆಯಲ್ಲಿ ಮಧ್ಯಾಹ್ನ ಕಲ್ಲಿನ ನೆಲವೂ ಬಿಸಿಯಾಗುತ್ತದೆ. ಪರೀಕ್ಷೆ ಮುಗಿದ ಮೇಲೆ ಪಲ್ಲವಿಯ ಬಟ್ಟೆಗಳನ್ನು ಒಗೆದು, ಇಸ್ತ್ರಿ ಮಾಡಿ, ಹರಿದವನ್ನು ಹೊಲಿದು ಒಂದು ಕಡೆ ಇಡತೊಡಗಿದೆ. ಎರಡು ಹೊಸ ಲಂಗ ಹೊಲಿದೆ, ಬೆಳೆಯುವ ಹುಡುಗಿ ಎಂದು ಅಂಚಿನಲ್ಲಿ ಬಟ್ಟೆ ಮಡಚಿಟ್ಟೆ. ಮುಂದೆ ಆ ಮಡಿಕೆ ಬಿಚ್ಚುವವರು ಯಾರು ಎಂಬ ಯೋಚನೆ ಬಂದಾಗ ಮಷಿನ್ ನಿಲ್ಲಿಸಿ ಎದ್ದುಬಿಡುತ್ತಿದ್ದೆ. ಪಲ್ಲವಿ ಸೇಡಂನ ಮಾತೇ ಎತ್ತುತ್ತಿರಲಿಲ್ಲ. ಆಯಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ನಾನು ಹೋಗದಿದ್ದರೆ ಯಾರು ಇದ್ದಾರೆ ಎಂದು ಒಮ್ಮೆ ಮಾತ್ರ ತನ್ನ ಅಪ್ಪನಿಗೆ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಅಷ್ಟು ತಿಳಿದ ಕೂಸನ್ನು ಹೋಗಬೇಡ ಎಂದು ಹೇಗೆ ಹೇಳುವುದು.

ಆಯಿ ಬರುವ ದಿನ ಬೆಳಗ್ಗೆಯೇ ಹೋಳಿಗೆ ಮಾಡಿದೆ. ಪಲ್ಲವಿ ಸ್ಟೇಷನ್ನಿಗೆ ಹೋಗಿ ಅವರನ್ನು ಕರೆತಂದಳು. ಇಬ್ಬರ ಹಿಂದೆ ಒಬ್ಬ ಹಮಾಲ ದೊಡ್ಡದೊಂದು ಟ್ರಂಕ್ ಹೊತ್ತು ಬಂದ. ಅದರ ಮೇಲೆ ರೊಟ್ಟಿ ಹೆಂಚು, ಹಾಸಿಗೆಯ ಸುರುಳಿ. ನನಗೆ ಅರ್ಥವಾಗಲಿಲ್ಲ. ಪಲ್ಲವಿಯ ಬಟ್ಟೆಗೆಂದು ಖಾಲಿ ಟ್ರಂಕ್ ತಂದಿದ್ದಾರೆ ಎಂದುಕೊಂಡೆ. ಆದರೆ ಕೆಳಗಿಳಿಸಿದಾಗ ಅದು ತುಂಬಿದ ಟ್ರಂಕಿನ ಸದ್ದು ಮಾಡಿತು. ಖಾಲಿ ಟ್ರಂಕಿಗೆ ಹೆಂಚು ಯಾಕೆ.

ಆಯಿ ನೀರು ಕುಡಿದು, ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ದನಿ ಬಂದ ಕಡೆ ತಿರುಗಿದರು.

“ನಂದಾ, ನಾ ಕೂಸಿಗಿ ಕರ್ಕೊಂಡು ಹೋಗಾಕ ಬಂದಿಲ್ಲ. ಕೋಣಿ ಬಿಟ್ಟು ಬಂದೀನಿ. ಕೂಸು ಇದ್ದಲ್ಲೇ ನಾನೂ ಇರ್ತೀನಿ ಅಂತ. ನಿನಗ ನಡೀತದೇನು, ಹೇಳು. ನಡಿಯಂಗಿಲ್ಲ ಅಂದ್ರ ಸಂಜೀ ಗಾಡಿ ಅದ.”

ಅವರು ನನ್ನ ಹೆಸರು ಹಿಡಿದು ಮಾತಾಡಿಸಿದ್ದು ಅದೇ ಮೊದಲು. ಬಾಗಿಲ ಹತ್ತಿರ ನಿಂತಿದ್ದ ಪಲ್ಲವಿ ಉಗುರು ಕಚ್ಚುತ್ತ ನನ್ನನ್ನೇ ನೋಡುತ್ತಿದ್ದಳು. ದಾರಿಯಲ್ಲೇ ಅವಳಿಗೆ ಗೊತ್ತಾಗಿತ್ತು ಎಂದು ಕಾಣುತ್ತದೆ.

“ನನ್ನ ಕೈ ಅಡಗಿ ನಿಮಗ ನಡೀತದೇನವ್ವ?” ಎಂದೆ.

“ಉಪ್ಪು ಕಮ್ಮಿ ಹಾಕ್ತಿ,” ಅಂದರು ಆಯಿ. “ಹೇಳ್ಕೊಂತ ಹೋಗ್ತೀನಿ.”

ಆ ಮಧ್ಯಾಹ್ನ ಮೂವರೂ ಕೂಡಿ ಟ್ರಂಕ್ ಬಿಚ್ಚಿ, ಸಾಮಾನು ಜೋಡಿಸಿ, ನೆಲ ತೊಳೆದೆವು. ಪಲ್ಲವಿಯ ಬಟ್ಟೆಗಳು ಮತ್ತೆ ಕಪಾಟಿಗೆ ಹೋದವು. ಹೊತ್ತು ಇಳಿಯುವ ಮುಂಚೆ ನಮ್ಮವರು ಡ್ಯೂಟಿ ಮುಗಿಸಿ ಬಂದರು. ಮಗಳನ್ನು ಕಳಿಸಿಕೊಡುವ ಸಂಕಟವನ್ನು ದಾರಿಯುದ್ದಕ್ಕೂ ಹೊತ್ತುಕೊಂಡು ಬಂದ ಮುಖ. ಬಾಗಿಲಲ್ಲಿ ನಿಂತು ನೋಡಿದರು. ಅತ್ತೆಯ ಹಾಸಿಗೆ ಗೋಡೆಗೆ ಒರಗಿತ್ತು. ಹೆಂಚು ಒಲೆಯ ಮೇಲಿತ್ತು. ಆಯಿ ಹಿಟ್ಟು ನಾದುತ್ತಿದ್ದರು, ನಾನು ಪಕ್ಕದಲ್ಲಿ ಕೂತು ನೀರು ಹಾಕುತ್ತಿದ್ದೆ. ನಮ್ಮವರು ನನ್ನ ಮುಖ ನೋಡಿದರು, ಮಗಳ ಮುಖ ನೋಡಿದರು. ಒಂದು ಕಾಲು ಒಳಗೆ ಇಟ್ಟರು.

ಆಯಿ ಹಿಟ್ಟಿನಿಂದ ತಲೆ ಎತ್ತದೆ ಹೇಳಿದರು: “ಬೂಟು ಹೊರಗ ಬಿಡಪಾ. ಈಗಷ್ಟ ನೆಲ ತೊಳದೀವಿ.”